ಸಂಭಾವನೆಯ ಅಂಕಿ

ಮೈಸೂರಿನಲ್ಲಿ ನನ್ನ ಗುರುಗಳು ಸಂಗೀತ ಕಛೇರಿ ಮುಗಿಸಿ ಮನೆಗೆ ಬಂದರೆ ತಾಂಬೂಲದ ಚೀಲವನ್ನು ನೇರವಾಗಿ ದೇವರ ಮುಂದೆ ಇಡುತ್ತಿದ್ದರು. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆಗಳ ನಡುವೆ ಸಿಕ್ಕಿಕೊಂಡಿರುತ್ತಿದ್ದ ಲಕೋಟೆಯನ್ನು ಅವರು ತೆರೆಯುತ್ತಿದ್ದುದು ಮಾರನೆಯ ದಿನ ಬೆಳಿಗ್ಗೆ, ಸ್ನಾನವಾದ ಮೇಲೆ. ಅದರಲ್ಲಿ ಎಷ್ಟಿದೆ ಎಂದು ಮನೆಯವರು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಎಂಟನೇ ಕ್ರಾಸಿನ ಗಣೇಶೋತ್ಸವವಾಗಲಿ, ಊರೂರಿನ ರಾಮೋತ್ಸವವಾಗಲಿ, ಕೊಡುವವರು ಕೊಟ್ಟದ್ದೇ ಸಂಭಾವನೆ. ಮೃದಂಗವು ಪಕ್ಕವಾದ್ಯ. ಹಾಡುವವರಿಗೆ ಸಂದದ್ದಕ್ಕಿಂತ ನಮ್ಮದು ಕಡಿಮೆಯಿರಬೇಕು ಎಂಬುದು ಯಾರೂ ಬಾಯಿಬಿಟ್ಟು ಆಡದ, ಆದರೆ ಎಲ್ಲರಿಗೂ ತಿಳಿದಿದ್ದ ನಿಯಮ. ಹದಿನಾಲ್ಕು ವರ್ಷ ಆ ಮನೆಯಲ್ಲಿ ಕಲಿತ ನಾನು ಕಛೇರಿಯಲ್ಲಿ ತಾಳವಾದ್ಯಕ್ಕೇ ಮೀಸಲಾದ ತನಿ ಆವರ್ತನ ನುಡಿಸುವುದನ್ನು ಕಲಿತಷ್ಟೇ ಚೆನ್ನಾಗಿ ಹಣದ ಮಾತು ಆಡದಿರುವುದನ್ನೂ ಕಲಿತಿದ್ದೆ.

2017ರ ಅಕ್ಟೋಬರಿನಲ್ಲಿ ಬರ್ಲಿನ್ನಿಗೆ ಬಂದಾಗ ನನ್ನ ಬಳಿ ಎರಡು ಮೃದಂಗಗಳೂ ಈ ಅಭ್ಯಾಸವೂ ಇದ್ದವು. ಮೊದಲ ಕಾರ್ಯಕ್ರಮಕ್ಕೆ ಕರೆದ ಆಯೋಜಕಿ ಮೇಲ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ, ನಿಮ್ಮ ಹೊನೊರಾರ್, ಅಂದರೆ ಸಂಭಾವನೆ, ಎಷ್ಟು ಎಂಬುದು. ನಿಮಗೆ ಸರಿ ಕಂಡಷ್ಟು ಕೊಡಿ ಎಂದು ಬರೆದೆ. ವಿನಯದಿಂದಲೇ ಬರೆದಿದ್ದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಅನುದಾನದ ಅರ್ಜಿಯಲ್ಲಿ ಆ ಮಾತನ್ನು ಬರೆಯಲಾಗದು, ದಯವಿಟ್ಟು ಒಂದು ಅಂಕಿಯನ್ನು ತಿಳಿಸಿ. ಎರಡು ದಿನ ಯೋಚಿಸಿ 80 ಯೂರೊ ಎಂದು ಬರೆದೆ. ಅದೇ ವೇದಿಕೆಯಲ್ಲಿ ನನ್ನ ಪಕ್ಕ ಕುಳಿತಿದ್ದ ಸ್ಯಾಕ್ಸೊಫೋನ್ ವಾದಕಿಗೆ 300 ಯೂರೊ ಸಂದಿತ್ತೆಂದು ತಿಳಿದದ್ದು ಆಮೇಲೆ, ಅವರೇ ಹೇಳಿದ್ದರಿಂದ. ನನ್ನ ಅಂಕಿಯನ್ನು ಕೇಳಿ ಅವರಿಗೆ ಬೇಸರವಾಯಿತು. ನೀವು ಇಷ್ಟು ಕಡಿಮೆ ಕೇಳಿದರೆ ಮುಂದಿನ ಸಲ ನಮ್ಮೆಲ್ಲರಿಗೂ ಅಷ್ಟೇ ಕೊಡುತ್ತಾರೆ ಎಂದರು. ನನ್ನ ಸಂಕೋಚದ ಬೆಲೆಯನ್ನು ಇನ್ನೊಬ್ಬರೂ ತೆರಬೇಕಾಗುತ್ತದೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಹೊನೊರಾರ್ ಎಂಬ ಜರ್ಮನ್ ಪದದ ಮೂಲ ಲ್ಯಾಟಿನ್ನಿನ ಗೌರವವಾಚಕ ಪದ. ನಮ್ಮ ಸಂಭಾವನೆಯ ಅರ್ಥವೂ ಗೌರವವೇ. ಎರಡು ಭಾಷೆಗಳೂ ಕಲಾವಿದನ ಕೈಗೆ ಬರುವ ಹಣಕ್ಕೆ ಕೂಲಿ ಎನ್ನದೆ ಗೌರವ ಎಂದೇ ಹೆಸರಿಟ್ಟಿವೆ. ವ್ಯತ್ಯಾಸವಿಷ್ಟೇ: ಇಲ್ಲಿ ಆ ಗೌರವದ ಮೊತ್ತವನ್ನು ಮೊದಲು ಬರೆಯಬೇಕಾದವನು ನಾನು.

ಬರೆಯುವುದಾದರೆ ಯಾವ ಲೆಕ್ಕದ ಮೇಲೆ? ಆ ಸ್ಯಾಕ್ಸೊಫೋನ್ ವಾದಕಿ ತಮ್ಮ ಅಡುಗೆಮನೆಯ ಮೇಜಿನ ಮೇಲೆ ನನಗೆ ಹೇಳಿಕೊಟ್ಟ ಲೆಕ್ಕವನ್ನು ಈಗಲೂ ಪ್ರತಿ ವರ್ಷ ಹಾಕುತ್ತೇನೆ. ಕಾರ್ಯಕ್ರಮವೊಂದಕ್ಕೆ ಎಷ್ಟು ಎಂಬಲ್ಲಿಂದ ಅದು ಆರಂಭವಾಗುವುದಿಲ್ಲ, ವರ್ಷವೊಂದಕ್ಕೆ ಎಷ್ಟು ಬೇಕು ಎಂಬಲ್ಲಿಂದ ಆರಂಭವಾಗುತ್ತದೆ. ವೃತ್ತಿಯ ಖರ್ಚು ಕಳೆದು ವರ್ಷಕ್ಕೆ 18,000 ಯೂರೊ ಉಳಿದರೆ ಅದರಲ್ಲಿ ಬಾಡಿಗೆ, ಊಟ, ವಿಮೆ, ತೆರಿಗೆ ಎಲ್ಲ ಕಟ್ಟಿ ಹೇಗೋ ಬದುಕಬಹುದು ಎಂದಿಟ್ಟುಕೊಳ್ಳೋಣ. ರೈಲು, ವಾದ್ಯದ ರಿಪೇರಿ, ಅಭ್ಯಾಸದ ಕೊಠಡಿ, ವಾದ್ಯದ ವಿಮೆ ಮೊದಲಾದ ವೃತ್ತಿಯ ಖರ್ಚು 6,000. ಅಂದರೆ 24,000 ದುಡಿಯಬೇಕು. ಹತ್ತು ಜನ ವಿದ್ಯಾರ್ಥಿಗಳಿಗೆ ಪಾಠಕ್ಕೆ 35 ಯೂರೊದಂತೆ, ಶಾಲೆಗಳ ರಜೆಗಳನ್ನು ಬಿಟ್ಟು 38 ವಾರ ಹೇಳಿಕೊಟ್ಟರೆ 13,300 ಬರುತ್ತದೆ. ಉಳಿದ 10,700 ಕಛೇರಿಗಳಿಂದ ಬರಬೇಕು. ಒಂದು ಕಾರ್ಯಕ್ರಮವೆಂದರೆ ಎರಡು ದಿನದ ಅಭ್ಯಾಸ, ಪ್ರಯಾಣ, ಕಾರ್ಯಕ್ರಮದ ದಿನ, ಅದಕ್ಕೂ ಮೊದಲು ನಡೆದ ಹತ್ತಾರು ಮೇಲ್‌ಗಳು. ವರ್ಷಕ್ಕೆ 45ಕ್ಕಿಂತ ಹೆಚ್ಚು ನುಡಿಸಲು ಒಬ್ಬ ಮನುಷ್ಯನಿಂದ ಆಗದು. ಭಾಗಿಸಿದರೆ ಒಂದಕ್ಕೆ 238 ಯೂರೊ. 80 ಎಂದು ಬರೆದ ದಿನ ನಾನು ವಿನಯವನ್ನು ತೋರಿಸುತ್ತಿದ್ದೇನೆಂದು ತಿಳಿದಿದ್ದೆ. ನಿಜಕ್ಕೂ ನನ್ನ ಬಾಡಿಗೆಯ ಒಂದು ಪಾಲನ್ನು ಊರಲ್ಲಿರುವ ಅಪ್ಪನ ಪಿಂಚಣಿಯಿಂದ ಕೊಡಿಸುತ್ತಿದ್ದೆ.

ಇಷ್ಟು ಲೆಕ್ಕವನ್ನು ಒಪ್ಪಿಕೊಂಡ ಮೇಲೆ ಕಾಗದಪತ್ರಗಳ ಕೆಲಸ ಅಷ್ಟೇನೂ ಕಷ್ಟವೆನಿಸಲಿಲ್ಲ. ಇಲ್ಲಿ ಬಿಲ್ಲಿಗೆ ಕ್ರಮಸಂಖ್ಯೆ, ತೆರಿಗೆ ಸಂಖ್ಯೆ, ಕೆಲಸ ನಡೆದ ದಿನಾಂಕ ಇವೆಲ್ಲ ಸಾಮಾನ್ಯವಾಗಿ ಇರಬೇಕು. ಹಿಂದಿನ ವರ್ಷದ ವಹಿವಾಟು 25,000 ಯೂರೊ ಮೀರದಿದ್ದರೆ ಸಣ್ಣ ಉದ್ಯಮಿ ಎಂಬ ವರ್ಗಕ್ಕೆ ಸೇರಿ ಮಾರಾಟ ತೆರಿಗೆಯನ್ನು ಸೇರಿಸದೆ ಬಿಲ್ಲು ಬರೆಯಬಹುದು. 2024ರವರೆಗೆ ಈ ಮಿತಿ 22,000 ಇತ್ತು. ಆದಾಯ ತೆರಿಗೆ ಇಲಾಖೆ ಒಮ್ಮೆ ನಮ್ಮ ಗಳಿಕೆಯನ್ನು ಕಂಡುಕೊಂಡರೆ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳ 10ನೇ ತಾರೀಕಿಗೆ ಮುಂಗಡ ಕಂತು ಕಟ್ಟಿಸಿಕೊಳ್ಳುತ್ತದೆ. ಜನವರಿಯಲ್ಲೂ ಆಗಸ್ಟಿನಲ್ಲೂ ಕಾರ್ಯಕ್ರಮಗಳೇ ಇರುವುದಿಲ್ಲವಾದ್ದರಿಂದ ಮಾರ್ಚ್ ಮತ್ತು ಸೆಪ್ಟೆಂಬರಿನ ಕಂತುಗಳು ಕೈ ಬರಿದಾದ ಹೊತ್ತಿಗೇ ಬರುತ್ತವೆ. ಅದಕ್ಕಾಗಿ ಬಂದ ಪ್ರತಿ ಮೊತ್ತದಲ್ಲೂ ನಾಲ್ಕನೆಯ ಒಂದು ಭಾಗವನ್ನು ಅದೇ ದಿನ ಬೇರೆ ಖಾತೆಗೆ ಹಾಕಿಬಿಡುತ್ತೇನೆ. ಹೊಸದಾಗಿ ಬರುವ ಕಲಾವಿದರಿಗೆ ನಾನು ಹೇಳುವ ಮೊದಲ ಮಾತು ಇದು.

ಎರಡನೆಯ ಮಾತು ವಿಲ್‌ಹೆಲ್ಮ್ಸ್‌ಹಾಫನ್ ಎಂಬ ಕಡಲತಡಿಯ ಊರಿನಲ್ಲಿರುವ ಕಲಾವಿದರ ಸಾಮಾಜಿಕ ನಿಧಿಯನ್ನು ಕುರಿತದ್ದು. ಕ್ಯುನ್ಸ್ಟ್ಲರ್‌ಸೊಟ್ಸಿಯಾಲ್‌ಕಾಸೆ ಎಂದು ಇದರ ಹೆಸರು. ಕಲಾವಿದರೆಲ್ಲ ಚಿಕ್ಕದಾಗಿ ಕೆಎಸ್‌ಕೆ ಎನ್ನುತ್ತಾರೆ. 1981ರಲ್ಲಿ ಕಾನೂನು ಬಂತು, 1983ರ ಜನವರಿಯಿಂದ ಜಾರಿಗೆ ಬಂತು. ಸಂಬಳದ ನೌಕರನಿಗೆ ಆರೋಗ್ಯ ವಿಮೆ ಮತ್ತು ಪಿಂಚಣಿಯ ಅರ್ಧವನ್ನು ಮಾಲೀಕ ಕಟ್ಟುತ್ತಾನೆ. ಸ್ವತಂತ್ರ ಕಲಾವಿದನಿಗೆ ಮಾಲೀಕನಿಲ್ಲ. ಆ ಇಲ್ಲದ ಮಾಲೀಕನ ಜಾಗದಲ್ಲಿ ಈ ನಿಧಿ ನಿಲ್ಲುತ್ತದೆ. ಅರ್ಧವನ್ನು ನಾವು ಕಟ್ಟುತ್ತೇವೆ, ಉಳಿದರ್ಧದಲ್ಲಿ ಒಟ್ಟು ಕಂತಿನ ಶೇ. 20ರಷ್ಟನ್ನು ಒಕ್ಕೂಟ ಸರ್ಕಾರವೂ ಶೇ. 30ರಷ್ಟನ್ನು ನಮ್ಮ ಕಲೆಯನ್ನು ಬಳಸಿಕೊಳ್ಳುವ ಪ್ರಕಾಶಕರು, ರಂಗಮಂದಿರಗಳು, ಆಯೋಜಕರು ಮೊದಲಾದವರೂ ಭರಿಸುತ್ತಾರೆ. ಕಲಾವಿದರಿಗೆ ಕೊಟ್ಟ ಮೊತ್ತದ ಮೇಲೆ ಅವರು ಪ್ರತ್ಯೇಕವಾಗಿ ನಿಧಿಗೆ ಕಟ್ಟಬೇಕು, 2025ರಲ್ಲಿ ಅದರ ದರ ಶೇ. 5 ಇತ್ತು. ಮೇಲೆ ಹೇಳಿದ 18,000ದ ಲೆಕ್ಕದಲ್ಲಿ ನಾನು ತಿಂಗಳಿಗೆ ಕಟ್ಟುವುದು ಸುಮಾರು 300 ಯೂರೊ. ಈ ನಿಧಿಯಿಲ್ಲದೆ ಅಷ್ಟೇ ರಕ್ಷಣೆಯನ್ನು ಪಡೆಯಲು ಹೊರಟಿದ್ದರೆ ಅದರ ಎರಡರಷ್ಟು ಆಗುತ್ತಿತ್ತು, ನಾನು ಬಹುಶಃ ಎರಡನೆಯ ವರ್ಷವೇ ಊರಿಗೆ ಮರಳುತ್ತಿದ್ದೆ.

ಆ ಕಾನೂನು ಕಲಾವಿದ ಯಾರು ಎಂದು ಹೇಳುವ ಬಗೆ ನನಗೆ ಬಹಳ ಇಷ್ಟ. ಸಂಗೀತವನ್ನು ರಚಿಸುವವನು, ಪ್ರದರ್ಶಿಸುವವನು ಅಥವಾ ಕಲಿಸುವವನು ಎಂದು ಮೂರೇ ಕ್ರಿಯಾಪದಗಳಲ್ಲಿ ಅದು ಮುಗಿಸುತ್ತದೆ. ಪಕ್ಕವಾದ್ಯದವನು, ಮುಖ್ಯ ಕಲಾವಿದ ಎಂಬ ಭೇದ ಅಲ್ಲಿಲ್ಲ. ಯಾವ ದೇಶದ ಸಂಗೀತ ಎಂಬ ಪ್ರಶ್ನೆಯೂ ಇಲ್ಲ. ಕರಾರುಪತ್ರಗಳು, ಬಿಲ್ಲುಗಳು, ಕಾರ್ಯಕ್ರಮದ ಕರಪತ್ರಗಳು ಇವನ್ನೆಲ್ಲ ಜೋಡಿಸಿ ಕಳಿಸಿ, ಕೆಲವು ತಿಂಗಳ ಮೇಲೆ ಒಪ್ಪಿಗೆಯ ಪತ್ರ ಬಂದ ದಿನ ನಾನು ಗುರುಗಳಿಗೆ ಫೋನ್ ಮಾಡಿದೆ. ಮೃದಂಗ ನುಡಿಸುವವನಿಗೆ ಸರ್ಕಾರ ಪಿಂಚಣಿ ಕೊಡುತ್ತದೆಯೇನಪ್ಪಾ ಎಂದು ಎರಡು ಸಲ ಕೇಳಿದರು. ನಾವೂ ಅರ್ಧ ಕಟ್ಟಬೇಕು ಗುರುಗಳೇ ಎಂದೆ. ಕಟ್ಟಿದರೇನಂತೆ, ಕೇಳುವವರು ಒಬ್ಬರಿದ್ದಾರಲ್ಲ ಎಂದರು.

ಆದರೆ ಈ ನಿಧಿಗೂ ಬೇಕಾದದ್ದು ಒಂದು ಅಂಕಿಯೇ. ಮುಂದಿನ ವರ್ಷ ಎಷ್ಟು ಗಳಿಸುವಿರಿ ಎಂದು ಪ್ರತಿ ವರ್ಷವೂ ಡಿಸೆಂಬರ್ 1ರೊಳಗೆ ಅಂದಾಜು ಮಾಡಿ ತಿಳಿಸಬೇಕು. ವರ್ಷಕ್ಕೆ 3,900 ಯೂರೊಗಿಂತ ಹೆಚ್ಚಿರಬೇಕು, ವೃತ್ತಿಗೆ ಹೊಸಬರಾದರೆ ಮೊದಲ ಮೂರು ವರ್ಷ ಅದಕ್ಕೂ ವಿನಾಯಿತಿ. ಕಡಿಮೆ ಬರೆದರೆ ತಿಂಗಳ ಕಂತು ಕಡಿಮೆ. ಇಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಇದೇ ತಪ್ಪನ್ನು ಮಾಡುತ್ತಿರುವ ನಾಲ್ಕೈದು ಮಂದಿ ಭಾರತೀಯ ಕಲಾವಿದರನ್ನು ನಾನು ಬಲ್ಲೆ.

2020ರ ಮಾರ್ಚಿನಲ್ಲಿ ಸಭಾಂಗಣಗಳೆಲ್ಲ ಮುಚ್ಚಿದವು. ಆ ತಿಂಗಳ ಕೊನೆಯಲ್ಲಿ ಬರ್ಲಿನ್ ಆಡಳಿತವು ಒಬ್ಬಂಟಿಯಾಗಿ ದುಡಿಯುವವರಿಗೆ 5,000 ಯೂರೊ ತುರ್ತು ಸಹಾಯವನ್ನು ಕೊಟ್ಟಿತು. ಅರ್ಜಿ ಹಾಕಿದ ಕೆಲವೇ ದಿನಗಳಲ್ಲಿ ಹಣ ಖಾತೆಗೆ ಬಂದದ್ದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ಭಯ ಉಳಿಯಿತು. ಆ ಭಯದಲ್ಲೇ 2021ಕ್ಕೆ ನನ್ನ ಗಳಿಕೆಯನ್ನು 5,000 ಎಂದು ಬರೆದೆ. ಆ ವರ್ಷದ ಉತ್ತರಾರ್ಧದಲ್ಲಿ ಕಾರ್ಯಕ್ರಮಗಳು ಮತ್ತೆ ಆರಂಭವಾಗಿ ಗಳಿಕೆ ಅದನ್ನು ಮೀರಿತು. ನಡುವೆ ಅಂದಾಜನ್ನು ತಿದ್ದಿ ಕಳಿಸಲು ಅವಕಾಶವಿದ್ದರೂ ಕಂತು ಏರುತ್ತದೆಂದು ನಾನು ತಿದ್ದಲಿಲ್ಲ. 2022ರ ಜನವರಿಯ ಒಂದು ಬೆಳಿಗ್ಗೆ ಹಿಮಗಟ್ಟಿದ್ದ ಕಾಲುದಾರಿಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಹನ್ನೊಂದು ವಾರ ನುಡಿಸಲಾಗಲಿಲ್ಲ. ನಿಧಿಯ ಸದಸ್ಯರಿಗೆ ಅನಾರೋಗ್ಯ ಭತ್ಯೆ ಸಿಗುವುದು ಏಳನೆಯ ವಾರದಿಂದ, ಅದೂ ಹಿಂದಿನ ಹನ್ನೆರಡು ತಿಂಗಳ ಅಂದಾಜು ಗಳಿಕೆಯ ಶೇ. 70ರಂತೆ. 5,000ವನ್ನು ಹನ್ನೆರಡರಿಂದ ಭಾಗಿಸಿ ಅದರ ಶೇ. 70 ಎಂದರೆ ತಿಂಗಳಿಗೆ 300 ಯೂರೊ ಕೂಡ ಇಲ್ಲ. ಆ ಮೊತ್ತವನ್ನು ನಿಗದಿ ಮಾಡಿದವನು ನಾನೇ. ಚಳಿಗಾಲದ ಆ ವಾರಗಳಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತಾಗ, ಗಳಿಕೆಯನ್ನು ಕಡಿಮೆ ಬರೆದವನಿಗೆ ವೃದ್ಧಾಪ್ಯದಲ್ಲೂ ಕಡಿಮೆಯೇ ಬರುತ್ತದೆ ಎಂಬುದನ್ನು ಮೊದಲ ಬಾರಿಗೆ ಗಂಭೀರವಾಗಿ ಯೋಚಿಸಿದೆ. ಪಿಂಚಣಿಗೆ ಅರ್ಹತೆ ಬರಲು ಇಲ್ಲಿ 60 ತಿಂಗಳ ಕಂತು ಸಾಕು. ಭಾರತ ಮತ್ತು ಜರ್ಮನಿಯ ನಡುವೆ 2017ರ ಮೇ 1ರಿಂದ ಸಾಮಾಜಿಕ ಭದ್ರತೆಯ ಒಪ್ಪಂದವೂ ಜಾರಿಯಲ್ಲಿದೆ. ಬಾಗಿಲು ತೆರೆದಿದೆ, ಒಳಗೆ ಎಷ್ಟು ಇಡುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ಪಾಠದ ವಿಷಯಕ್ಕೆ ಬಂದರೆ ಕಳೆದ ಮೂರು ವರ್ಷಗಳಲ್ಲಿ ಇಲ್ಲಿನ ಸಂಗೀತ ಶಿಕ್ಷಕರ ಬದುಕನ್ನೇ ಅಲುಗಿಸಿದ ತೀರ್ಪೊಂದಿದೆ. ಹೆರೆನ್‌ಬರ್ಗ್ ಎಂಬ ಊರಿನ ನಗರ ಸಂಗೀತ ಶಾಲೆಯಲ್ಲಿ ಸ್ವತಂತ್ರ ಶಿಕ್ಷಕಿಯಾಗಿ ಪಿಯಾನೊ ಕಲಿಸುತ್ತಿದ್ದವರು ವಾಸ್ತವದಲ್ಲಿ ನೌಕರರೇ ಎಂದು ಒಕ್ಕೂಟದ ಸಾಮಾಜಿಕ ನ್ಯಾಯಾಲಯವು 2022ರ ಜೂನ್ 28ರಂದು ಹೇಳಿತು. ಶಾಲೆಯ ಕೊಠಡಿ, ಶಾಲೆಯ ವಾದ್ಯ, ಶಾಲೆಯೇ ಕೊಟ್ಟ ವಿದ್ಯಾರ್ಥಿಗಳು ಎಂದ ಮೇಲೆ ಸ್ವಾತಂತ್ರ್ಯ ಎಲ್ಲಿಯದು ಎಂಬುದು ಅದರ ತರ್ಕ. ತೀರ್ಪು ನ್ಯಾಯವಾದದ್ದೆಂದೇ ನನ್ನ ನಂಬಿಕೆ. ಆದರೆ ನೌಕರಿ ಕೊಡಲು ಹಣವಿಲ್ಲದ ಶಾಲೆಗಳು ಮೊದಲು ಕೈಬಿಟ್ಟದ್ದು ಅಂಚಿನಲ್ಲಿದ್ದ ತರಗತಿಗಳನ್ನು. ನಾನು ವಾರಕ್ಕೆ ಆರು ಗಂಟೆ ತಾಳದ ಪಾಠ ಹೇಳುತ್ತಿದ್ದ ಶಾಲೆಯೊಂದು 2024ರ ಬೇಸಿಗೆಯ ರಜೆಗೆ ಮುನ್ನ ನನ್ನ ಒಪ್ಪಂದವನ್ನು ಮುಂದುವರಿಸದೆ ಬಿಟ್ಟಿತು. ಮೂವರು ಮಕ್ಕಳು ಮಾತ್ರ ಮನೆಪಾಠಕ್ಕೆ ಬಂದರು. ಆದಿತಾಳವನ್ನು ಕೈಯಲ್ಲಿ ಹಾಕುತ್ತಾ ಜರ್ಮನ್ ಪದಗಳನ್ನೇ ಜತಿಗಳಿಗೆ ಹೊಂದಿಸಿಕೊಳ್ಳುತ್ತಿದ್ದ ಉಳಿದ ಮಕ್ಕಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮನೆಯಲ್ಲಿ ನುಡಿಸುವುದಕ್ಕೂ ಒಂದು ಲೆಕ್ಕವಿದೆ. ಔಗ್ಸ್‌ಬರ್ಗಿನ ಟ್ರಂಪೆಟ್ ವಾದಕರೊಬ್ಬರ ಮೊಕದ್ದಮೆಯಲ್ಲಿ ಒಕ್ಕೂಟದ ನ್ಯಾಯಾಲಯವು 2018ರ ಅಕ್ಟೋಬರಿನಲ್ಲಿ, ಮನೆಯ ಸಂಗೀತವನ್ನು ಪೂರ್ತಿ ನಿಷೇಧಿಸಲಾಗದು, ಸ್ಥೂಲವಾಗಿ ಕೆಲಸದ ದಿನಗಳಲ್ಲಿ ಎರಡು ಮೂರು ಗಂಟೆ, ಭಾನುವಾರ ಮತ್ತು ಹಬ್ಬದ ದಿನ ಒಂದೆರಡು ಗಂಟೆ ನುಡಿಸಬಹುದು ಎಂದಿತು. ಮೃದಂಗದ ಎಡಗಡೆಯ ಗುಮ್ಕಿ ಎಂಬ ತಗ್ಗಿನ ನಾದ ಗೋಡೆ ದಾಟಿ ಹೋಗುವಂಥದ್ದು. ಕೆಳಗಿನ ಮನೆಯ ವೃದ್ಧ ದಂಪತಿಗೆ ನಾನು ಯಾವ ಹೊತ್ತಿಗೆ ಕೂರುತ್ತೇನೆಂದು ಬರೆದು ಕೊಟ್ಟಿದ್ದೇನೆ, ಅವರು ಆ ಹೊತ್ತಿನಲ್ಲಿ ವಾಯುವಿಹಾರಕ್ಕೆ ಹೋಗುತ್ತಾರೆ. ಅದಕ್ಕಿಂತ ಹೆಚ್ಚು ಅಭ್ಯಾಸ ಬೇಕಾದ ದಿನಗಳಿಗೆ ಗಂಟೆಯ ಲೆಕ್ಕದಲ್ಲಿ ಕೊಠಡಿ ಬಾಡಿಗೆಗೆ ಹಿಡಿಯಬೇಕು.

ವಾದ್ಯದ ಮಾತು ಇದಕ್ಕಿಂತ ದೊಡ್ಡದು. ಪಿಟೀಲಿನ ತಂತಿ ಬರ್ಲಿನ್ನಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಮೃದಂಗದ ಮುಚ್ಚಿಗೆಯನ್ನು, ಅಂದರೆ ಎರಡೂ ಬದಿಗೆ ಬಿಗಿಯುವ ಚರ್ಮದ ಹೊದಿಕೆಯನ್ನು, ಹಾಕಿಕೊಡುವವರು ನನಗೆ ಇಲ್ಲಿ ಒಬ್ಬರೂ ಸಿಕ್ಕಿಲ್ಲ. ಚಳಿಗಾಲದಲ್ಲಿ ಹೀಟರಿನ ಗಾಳಿ ಕೊಠಡಿಯ ತೇವವನ್ನೆಲ್ಲ ಹೀರಿದಾಗ ಚರ್ಮ ಬಿಗಿದು ಶ್ರುತಿ ಅರ್ಧ ಮನೆ, ಅಂದರೆ ಅರ್ಧ ಸ್ವರಸ್ಥಾನ, ಏರುತ್ತದೆ. ಬಲಗಡೆಯ ಚರ್ಮದ ನಡುವೆ ಹಚ್ಚಿದ ಕಪ್ಪು ಕರಣೆಯಲ್ಲಿ ಸೀಳು ಬಿಟ್ಟು ಚೂರುಗಳು ಉದುರುತ್ತವೆ. ಕೊಠಡಿಯಲ್ಲಿ ನೀರಿನ ಬಟ್ಟಲು, ತೇವ ಅಳೆಯುವ ಯಂತ್ರ, ಮೃದಂಗಕ್ಕೆ ದಪ್ಪ ಹೊದಿಕೆ ಇವೆಲ್ಲ ನನ್ನ ಸಂಸಾರದ ಭಾಗಗಳಾಗಿವೆ. ಚರ್ಮದ ಬಾರಿನಿಂದ ಕಟ್ಟಿದ ಮೃದಂಗವೊಂದನ್ನು ಉಳಿಸಿಕೊಂಡು, ಇನ್ನೊಂದನ್ನು ನಟ್ಟು ಬೋಲ್ಟಿನದಾಗಿ ಬದಲಾಯಿಸಿದೆ. ಅದಕ್ಕಾದರೆ ಊರಿನಿಂದ ತಂದ ಸಿದ್ಧ ಮುಚ್ಚಿಗೆಯನ್ನು ನಾನೇ ಹಾಕಿಕೊಳ್ಳಬಹುದು. ಎಡಗಡೆಗೆ ಮೆತ್ತುವ ರವೆ ಮಾತ್ರ ಇಲ್ಲಿಯ ಅಂಗಡಿಯದೇ. ಮೃದು ಗೋಧಿಯದು, ಗಟ್ಟಿ ಗೋಧಿಯದು ಎಂದು ಎರಡು ಬಗೆ ಸಿಗುತ್ತದೆ. ನನ್ನ ಕೈಗೆ ಒಗ್ಗಿದ್ದು ಮೃದು ಗೋಧಿಯದು. ಮುಚ್ಚಿಗೆಯನ್ನು ಅಂಚೆಯಲ್ಲಿ ತರಿಸಿದರೆ 2021ರ ಜುಲೈನಿಂದ ಎಷ್ಟೇ ಕಡಿಮೆ ಬೆಲೆಯದಾದರೂ ಶೇ. 19ರ ತೆರಿಗೆ ಬೀಳುತ್ತದೆ. ಸ್ವಂತ ಬಳಕೆಗೆಂದು ಸ್ವತಃ ವಿಮಾನದಲ್ಲಿ ತಂದರೆ 430 ಯೂರೊವರೆಗಿನ ಸರಕಿಗೆ ಸುಂಕವಿಲ್ಲ. ಹೀಗಾಗಿ ಪ್ರತಿ ಜನವರಿಯಲ್ಲೂ ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚು ಮುಚ್ಚಿಗೆಗಳಿರುತ್ತವೆ.

ಈ ಖರ್ಚನ್ನು ತೆರಿಗೆಯಲ್ಲಿ ಕಳೆಯಲು ರಸೀತಿ ಬೇಕು. ಮೈಸೂರಿನಲ್ಲಿ ನನಗೆ ಮುಚ್ಚಿಗೆ ಮಾಡಿಕೊಡುವವರು ಗುರುಗಳ ಕಾಲದಿಂದ ಆ ಮನೆಗೆ ಬರುತ್ತಿದ್ದ ಹಿರಿಯರು. ಮೊದಲ ಸಲ ರಸೀತಿ ಪುಸ್ತಕವನ್ನು ಮುಂದೆ ಹಿಡಿದು ಸಹಿ ಕೇಳಿದಾಗ ಅವರ ಮುಖ ಚಿಕ್ಕದಾಯಿತು.

“ಯಾಕೆ ಸ್ವಾಮಿ, ನಂಬಿಕೆ ಹೋಯ್ತಾ ನನ್ ಮೇಲೆ?” ಎಂದರು.

“ನಿಮ್ಮ ಮೇಲಲ್ಲ ಯಜಮಾನರೇ, ಅಲ್ಲಿಯ ಸರ್ಕಾರಕ್ಕೆ ಲೆಕ್ಕ ಕೊಡಬೇಕು. ಎಷ್ಟು ಬರೆಯಲಿ ಹೇಳಿ” ಎಂದೆ.

“ನೀವೇ ನೋಡಿ ಕೊಡಿ. ನಾನೇನ್ ಹೇಳೋದು?”

ಆ ಮಾತನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಬರ್ಲಿನ್ನಿನ ಆಯೋಜಕಿಗೆ ನಾನು ಬರೆದದ್ದೂ ಇದನ್ನೇ. ಆದರೆ ನನ್ನ ಮಾತಿನ ಹಿಂದೆ ವೇದಿಕೆಯಿತ್ತು, ಶಾಲು, ತಾಂಬೂಲ, ಚಪ್ಪಾಳೆಗಳಿದ್ದವು. ಅವರ ಮಾತಿನ ಹಿಂದೆ ಚರ್ಮದ ಕೆಲಸ ಮಾಡುವವನು ಬೆಲೆ ಹೇಳಿದರೆ ದುರಾಸೆ ಎನ್ನುವ ಜನರ ನೆನಪಿತ್ತು. ಕರಣೆಯನ್ನು ಪದರ ಪದರವಾಗಿ ಹಚ್ಚಿ, ಪ್ರತಿ ಪದರವನ್ನೂ ಕಲ್ಲಿನಿಂದ ಉಜ್ಜಿ ಒಣಗಿಸಿ, ನಾದ ಬರುವವರೆಗೆ ಕಿವಿಯಿಟ್ಟು ಕಾಯುವ ಕೆಲಸ ಅದು. ಪಕ್ಕವಾದ್ಯದವರ ಸಂಭಾವನೆ ಕಡಿಮೆ ಎಂದು ನಾವು ಹಲವು ದಶಕಗಳಿಂದ ಹೇಳುತ್ತಾ ಬಂದಿದ್ದೇವೆ, ಸರಿಯಾಗಿಯೇ ಹೇಳಿದ್ದೇವೆ. ಆದರೆ ನಮಗೆ ನಾದವನ್ನು ಮಾಡಿಕೊಟ್ಟವರ ಎದುರು ನಾವು ಕೊಟ್ಟದ್ದೇ ಸಂಭಾವನೆ ಎಂಬ ಆಯೋಜಕರಾಗಿ ಕುಳಿತಿದ್ದೇವೆ. ಆ ದಿನ ನಾನು ಅವರೊಂದಿಗೆ ಕುಳಿತು, ಸಾಮಗ್ರಿಗೆ ಎಷ್ಟು, ಎಷ್ಟು ದಿನದ ಕೆಲಸ, ದಿನಕ್ಕೆ ಎಷ್ಟು ಬೇಕು ಎಂದು ಅಡುಗೆಮನೆಯ ಮೇಜಿನ ಅದೇ ಲೆಕ್ಕವನ್ನು ಹಾಕಿಸಿದೆ. ಬಂದ ಮೊತ್ತ ನಾನು ಆವರೆಗೆ ಕೊಡುತ್ತಿದ್ದುದರ ಎರಡರಷ್ಟಕ್ಕಿಂತ ಹೆಚ್ಚಿತ್ತು. ಅಷ್ಟನ್ನೂ ಕೊಟ್ಟೆ, ಹಿಂದಿನದಕ್ಕೆ ಏನು ಮಾಡಬೇಕೆಂದು ತೋಚಲಿಲ್ಲ.

ಕನ್ನಡ ಸಂಘಗಳವರು ಕರೆದಾಗ ಏನು ಮಾಡುತ್ತೀರಿ ಎಂದು ಕೆಲವರು ಕೇಳುತ್ತಾರೆ. ರಾಜ್ಯೋತ್ಸವಕ್ಕೋ ಯುಗಾದಿಗೋ ನುಡಿಸುವುದು ನನಗೆ ಸಂತೋಷದ ಕೆಲಸ. ನಮ್ಮವರೇ ಅಲ್ಲವೇ ಎಂಬ ಮಾತು ನಿಜವೂ ಹೌದು. ಆದರೆ ಊಟ ಬಡಿಸುವವರಿಗೂ ಧ್ವನಿವರ್ಧಕದವರಿಗೂ ಹಣ ಕೊಟ್ಟು, ಸಂಗೀತಗಾರನಿಗೆ ಮಾತ್ರ ಪ್ರೀತಿಯನ್ನು ಕೊಡುವುದು ನನಗೆ ನೋವುಂಟುಮಾಡಿದೆ. ಈಗ ವರ್ಷಕ್ಕೆ ಎರಡು ಕಾರ್ಯಕ್ರಮಗಳನ್ನು ನಾನೇ ಆರಿಸಿಕೊಂಡು ಉಚಿತವಾಗಿ ನುಡಿಸುತ್ತೇನೆ. ಅವಕ್ಕೂ ಪೂರ್ತಿ ಮೊತ್ತವನ್ನು ಕಾಣಿಸಿ, ಕೆಳಗೆ ಅದನ್ನು ಬಿಟ್ಟುಕೊಟ್ಟಿದ್ದೇನೆಂದು ಬರೆದ ಕಾಗದವನ್ನು ಕಳಿಸುತ್ತೇನೆ. ಅಂಕಿ ಒಮ್ಮೆ ಅವರ ಕಣ್ಣಿಗೆ ಬೀಳಲಿ, ನನ್ನ ನಂತರ ಬರುವ ಹುಡುಗ ಅಥವಾ ಹುಡುಗಿಗೆ ಅದು ನೆರವಾಗಲಿ ಎಂಬ ಆಸೆ. ಕಳೆದ ವರ್ಷ ಒಂದು ಸಂಘ ಆ ಕಾಗದವನ್ನು ನೋಡಿ ಈ ವರ್ಷದ ಬಜೆಟ್ಟಿನಲ್ಲಿ ಸಂಗೀತಕ್ಕೆಂದು ಪ್ರತ್ಯೇಕ ಮೊತ್ತವನ್ನು ಇಟ್ಟಿದೆ.

ಈಗ ನವೆಂಬರ್ ಕೊನೆಯ ವಾರ. ವಿಲ್‌ಹೆಲ್ಮ್ಸ್‌ಹಾಫನ್ನಿನ ನಮೂನೆ ಮೇಜಿನ ಮೇಲಿದೆ, 2026ರ ಗಳಿಕೆಯ ಚೌಕ ಇನ್ನೂ ಖಾಲಿಯಿದೆ. ಎರಡು ಕಾರ್ಯಕ್ರಮ ಸರಣಿಗಳು ಖಚಿತವಾಗಿವೆ, ಒಂದು ಅನುದಾನದ ಉತ್ತರ ಬರಬೇಕಿದೆ, ವಿದ್ಯಾರ್ಥಿಗಳು ಒಂಬತ್ತು ಮಂದಿ. ಕೂಡಿಸಿ 19,500 ಎಂದು ಬರೆದೆ. ಕಂತು ತಿಂಗಳಿಗೆ ಸ್ವಲ್ಪ ಏರುತ್ತದೆ. ನಂತರ ಮೈಸೂರಿಗೆ ಫೋನ್ ಮಾಡಿ, ಜನವರಿಗೆ ಬಲಗಡೆಯದು ಎರಡು, ಎಡಗಡೆಯದು ಒಂದು ಬೇಕು ಎಂದೆ. ಆ ಕಡೆಯಿಂದ ಕೆಮ್ಮು ಕೇಳಿಸಿತು, ಯಾರನ್ನೋ ಕರೆದು ಏನೋ ವಿಚಾರಿಸಿದರು. ಚರ್ಮದ ಬೆಲೆ ಏರಿದೆ ಸ್ವಾಮಿ, ಹೋದ ಸಲಕ್ಕಿಂತ ಒಂದಕ್ಕೆ ನಾನೂರು ಜಾಸ್ತಿ ಆಗುತ್ತೆ ಎಂದರು. ಆಗಲಿ ಎಂದು ನಮೂನೆಯ ಪಕ್ಕದಲ್ಲಿದ್ದ ಪುಸ್ತಕದಲ್ಲಿ ಅದನ್ನು ಬರೆದುಕೊಂಡೆ.